ಮಳೆಗಾಲದ ಹಸಿರು, ಬೇಸಿಗೆಯ ಕಂದು: ಕೋಲಾರದ ಒಂದು ನಿಕ್ಕಲ್ ಪ್ರಕರಣ

2005ರ ಏಪ್ರಿಲ್‌ನಲ್ಲಿ ನಾನು ಮಾಡಿದ ಒಂದು ನಿಕ್ಕಲ್ ಕಾಂಪ್ಲೆಕ್ಸ್‌ನ ಕಾಂತೀಯ ಅಳತೆ 2.1 ಬಂತು. ಬಂದರೆ 3ರ ಆಸುಪಾಸು ಬರಬೇಕು, ಇಲ್ಲವಾದರೆ ಸೊನ್ನೆ. ಎರಡೂ ಅಲ್ಲದ ಈ ಅಂಕಿ ಎಲ್ಲಿಂದ ಬಂತು ಅಂತ ತಿಳಿಯುವಷ್ಟರಲ್ಲಿ ಹದಿನೆಂಟು ತಿಂಗಳು ಕಳೆದಿತ್ತು. ಆ ನಡುವೆ ಒಂದು ಪೇಪರ್ ವಾಪಸ್ ಬಂತು. ಪಿಎಚ್‌ಡಿ ಅವಧಿ ಮುಗಿಯುತ್ತಾ ಬಂತು. ನಾನು ನಂಬದ ಒಂದು ವಾಕ್ಯವನ್ನು ನನ್ನ ಕೈಯಾರೆ ಥೀಸಿಸ್ಸಿನಲ್ಲಿ ಬರೆದದ್ದೂ ಆಯಿತು. ಇದೆಲ್ಲ ಈಗ ಹಳೆ ಕತೆ. ಆದರೂ ಲೋಹದ ಕಾಂಪ್ಲೆಕ್ಸ್‌ಗಳ ಮೇಲೆ ಕೆಲಸ ಶುರು ಮಾಡುವ ಹುಡುಗ ಹುಡುಗಿಯರು ಬಂದಾಗ ನಾನು ಮೊದಲು ತೆಗೆಯುವುದು ಇದೇ ಪ್ರಕರಣವನ್ನು.

ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಸಂಕೀರ್ಣ ಅಂತಾರೆ. ಲ್ಯಾಬಿನಲ್ಲಿ ಯಾರೂ ಹಾಗನ್ನಲ್ಲ, ಕಾಂಪ್ಲೆಕ್ಸ್ ಅಂತಲೇ. ಕೋಲಾರದಲ್ಲಿ ಕಾಂಪ್ಲೆಕ್ಸ್ ಅಂದರೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ ಸಾಲು. ನಮ್ಮಮ್ಮ ಪಕ್ಕದ ಮನೆಯವರಿಗೆ "ನಮ್ ಹುಡುಗಿ ಕಾಂಪ್ಲೆಕ್ಸ್ ಮೇಲೆ ಡಾಕ್ಟ್ರೇಟು ಮಾಡ್ತಾಳೆ" ಅಂದಾಗ, ಅವರು "ಎಷ್ಟು ಅಂಗಡಿ, ಬಾಡಿಗೆ ಎಷ್ಟು ಬರುತ್ತೆ" ಅಂತ ಕೇಳಿದ್ದರು.

ವಿಷಯ ಅಷ್ಟು ಕಷ್ಟದ್ದೇನಲ್ಲ. ನಡುವೆ ಒಂದು ಲೋಹದ ಪರಮಾಣು ಇರುತ್ತದೆ. ಸುತ್ತಲೂ ಬೇರೆ ಅಣುಗಳು ಅದನ್ನು ಹಿಡಿದಿರುತ್ತವೆ. ಹಿಡಿಯುವ ಅಣುವಿಗೆ ಲಿಗ್ಯಾಂಡ್ ಅಂತ ಹೆಸರು. ಕೆಲವು ಒಂದೇ ಕೈಯಲ್ಲಿ ಹಿಡಿಯುತ್ತವೆ, ನೀರು ಹಾಗೆ. ಕೆಲವು ಎರಡು ಕಡೆಯಿಂದ, ಬಿಸಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದ ಹಾಗೆ. ನನ್ನ ಲಿಗ್ಯಾಂಡ್ ಈ ಇಕ್ಕಳದ ಜಾತಿಯದು. ಸ್ಯಾಲಿಸಿಲಾಲ್ಡಿಹೈಡ್ ಮತ್ತು ಕ್ಲೋರೋಅನಿಲೀನ್ ಎರಡನ್ನೂ ಆಲ್ಕೋಹಾಲ್‌ನಲ್ಲಿ ಕಾಯಿಸಿದರೆ ಹಳದಿ ಸೂಜಿ ಹರಳುಗಳಾಗಿ ಬೀಳುತ್ತಿತ್ತು. ಇಂಥವಕ್ಕೆ ಶಿಫ್ ಬೇಸ್ ಅನ್ನುತ್ತಾರೆ. ಎರಡು ಇಕ್ಕಳ ಸೇರಿ ನಿಕ್ಕಲ್ಲನ್ನು ನಾಲ್ಕು ಕಡೆಯಿಂದ ಹಿಡಿದರೆ ಚಪ್ಪಟೆ ಚೌಕ. ಮೇಲೊಂದು, ಕೆಳಗೊಂದು ನೀರು ಬಂದು ಕೂತರೆ ಆರು ಕೈ, ಅಂದರೆ ಆಕ್ಟಾಹೆಡ್ರಲ್. ಈ ಎರಡು ನೀರೇ ನನ್ನ ಪ್ರಕರಣದ ಮುಖ್ಯ ಪಾತ್ರಧಾರಿಗಳು.

ಈ ವಿದ್ಯೆಗೆ ಬುನಾದಿ ಹಾಕಿದವನು ಆಲ್ಫ್ರೆಡ್ ವರ್ನರ್, 1893ರಲ್ಲಿ. ಹರಳಿನ ಒಳಗನ್ನು ಎಕ್ಸ್‌ರೇಯಲ್ಲಿ ನೋಡುವ ದಾರಿ ಆಗ ಇರಲಿಲ್ಲ. ಬಣ್ಣ ನೋಡಿ, ದ್ರಾವಣದಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ಅಳೆದು, ಸಿಲ್ವರ್ ನೈಟ್ರೇಟ್ ಹಾಕಿದರೆ ಎಷ್ಟು ಕ್ಲೋರೈಡ್ ಬೀಳುತ್ತೆ ಅಂತ ಎಣಿಸಿ, ಲೋಹದ ಸುತ್ತ ಯಾರು ಎಲ್ಲಿ ಕೂತಿದ್ದಾರೆ ಅಂತ ಹೇಳಿಬಿಟ್ಟ. 1913ರಲ್ಲಿ ನೊಬೆಲ್ ಬಂತು. ಕ್ರೋಮಿಯಂ ಕ್ಲೋರೈಡ್‌ನದು ನನಗೆ ಇವತ್ತಿಗೂ ಇಷ್ಟದ ಉದಾಹರಣೆ. ಫಾರ್ಮುಲಾದಲ್ಲಿ ಆರು ನೀರು, ಮೂರು ಕ್ಲೋರಿನ್, ಅಷ್ಟೇ. ಆದರೆ ಅದೇ ಫಾರ್ಮುಲಾಕ್ಕೆ ನೇರಳೆ ಹರಳೂ ಇದೆ, ತಿಳಿ ಹಸಿರೂ ಇದೆ, ಕಡು ಹಸಿರೂ ಇದೆ. ನೀರು ಲೋಹವನ್ನೇ ಹಿಡಿದಿದೆಯೋ, ಸುಮ್ನೆ ಹರಳಿನ ಸಂದಿಯಲ್ಲಿ ಕೂತಿದೆಯೋ, ಬಣ್ಣ ಅದರ ಮೇಲೆ ಹೋಗುತ್ತೆ. ಇದನ್ನು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೆನೋ ಲೆಕ್ಕವಿಲ್ಲ. ನನ್ನ ಪುಡಿಯ ವಿಷಯಕ್ಕೆ ಬಂದಾಗ ಮಾತ್ರ ನೆನಪಾಗಲಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಕೆಜಿಎಫ್‌ನಿಂದ ಅಂತ ಹೇಳಬಹುದು. ಸೋದರಮಾವ ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ರಜಕ್ಕೆ ಹೋದಾಗ ಮನೆಯಿಂದ ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದು ಉಳಿದ ಕಲ್ಲುಪುಡಿಯ ರಾಶಿಗಳು, ಕಾಣುತ್ತಿದ್ದವು. ಗಾಳಿ ಎದ್ದರೆ ಅದರ ಪುಡಿ ಒಣಗಲು ಹಾಕಿದ ಬಟ್ಟೆ ಮೇಲೆಲ್ಲ. ಕಲ್ಲಿನಲ್ಲಿರುವ ಕಣ್ಣಿಗೆ ಕಾಣದ ಚಿನ್ನವನ್ನು ಸೈನೈಡ್ ಹೇಗೆ ಎಳೆಯುತ್ತದೆ ಅಂತ ಮಾವನನ್ನು ಕೇಳಿದ್ದಕ್ಕೆ, "ಅದು ಸೈನೈಡ್ ಕೆಲಸದವರಿಗೆ ಗೊತ್ತು, ನಮ್ದು ಕೆಳಗಡೆ" ಅಂದಿದ್ದರು. ಎಂಎಸ್ಸಿಗೆ ಬಂದಾಗ ಉತ್ತರ ಸಿಕ್ಕಿತು. ಒಂದು ಚಿನ್ನದ ಪರಮಾಣುವನ್ನು ಎರಡು ಸೈನೈಡ್ ಎರಡು ಬದಿಯಿಂದ ಹಿಡಿದು ನೀರಿಗೆ ಇಳಿಸುತ್ತವೆ, ಅದಕ್ಕೆ ಗಾಳಿಯ ಆಮ್ಲಜನಕ ಬೇಕು. ಆಮೇಲೆ ಸತುವಿನ ಪುಡಿ ಹಾಕಿದರೆ ಚಿನ್ನ ಕೈಬಿಟ್ಟು ಕೆಳಗೆ ಬೀಳುತ್ತೆ. ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಅಣ್ಣತಮ್ಮಂದಿರು 1887ರಲ್ಲಿ ಪೇಟೆಂಟ್ ಮಾಡಿದ ವಿಧಾನ. ಅಂದರೆ ನಮ್ಮ ಜಿಲ್ಲೆಯ ಚಿನ್ನ ಎಷ್ಟೋ ಟನ್ ಕಾಂಪ್ಲೆಕ್ಸ್ ಆಗಿಯೇ ಹೊರಗೆ ಬಂದಿದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಾನು ಪಿಎಚ್‌ಡಿಗೆ ನೋಂದಾಯಿಸಿದ್ದು ಅದರ ಮರುವರ್ಷ.

ನೋಂದಣಿ ಪಾರ್ಟ್ ಟೈಮ್. ಕೋಲಾರದ ಒಂದು ಕಾಲೇಜಿನಲ್ಲಿ ಪಾಠ, ಶನಿವಾರ ಮಧ್ಯಾಹ್ನ ಬೆಂಗಳೂರಿನ ಬಸ್ಸು. ಸುಮಾರು 70 ಕಿಲೋಮೀಟರ್. ತಯಾರಿಕೆಯೆಲ್ಲ ಕೋಲಾರದ ಲ್ಯಾಬಿನಲ್ಲಿ, ಅಳತೆಯೆಲ್ಲ ಬೆಂಗಳೂರಿನಲ್ಲಿ. ಬಟರ್ ಪೇಪರಿನಲ್ಲಿ ಪೊಟ್ಟಣ ಕಟ್ಟಿದ ಸ್ಯಾಂಪಲ್ಲುಗಳು ಊಟದ ಡಬ್ಬಿ ಬ್ಯಾಗಿನ ಪಕ್ಕದ ಜೇಬಿನಲ್ಲಿ. ಹೊಸಕೋಟೆ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ, ಬಿಸಿಲು ಬೀಳುವ ಕಿಟಕಿ ಪಕ್ಕ ಅವುಗಳಿಗೆ ಏನಾಗುತ್ತಿರಬಹುದು ಅಂತ ಒಂದು ದಿನವೂ ಯೋಚಿಸಲಿಲ್ಲ.

ಯೋಜನೆ ಎಲ್ಲರದ್ದೂ ಇರುವಂಥದ್ದೇ. ಮೂರು ಲಿಗ್ಯಾಂಡ್, ನಾಲ್ಕು ಲೋಹ (ಕೋಬಾಲ್ಟ್, ನಿಕ್ಕಲ್, ತಾಮ್ರ, ಸತು), ಒಟ್ಟು ಹನ್ನೆರಡು ಕಾಂಪ್ಲೆಕ್ಸ್. ಇಂಗಾಲ, ಹೈಡ್ರೋಜನ್, ನೈಟ್ರೋಜನ್ ಎಷ್ಟಿದೆ ಅನ್ನುವ ಸಿ ಎಚ್ ಎನ್ ಪರೀಕ್ಷೆ. ಐಆರ್‌ನಲ್ಲಿ (ಅವಕೆಂಪು ಕಿರಣ ಹಾಯಿಸಿ ಬಂಧಗಳನ್ನು ಗುರುತಿಸುವ ಪರೀಕ್ಷೆ) ಇಂಗಾಲ ನೈಟ್ರೋಜನ್ ಬಂಧದ ಗೆರೆ 1620ರಿಂದ 1605ಕ್ಕೆ ಇಳಿಯಿತು, ಆದ್ದರಿಂದ ನೈಟ್ರೋಜನ್ ಲೋಹವನ್ನು ಹಿಡಿದಿದೆ. ಕಾಂತೀಯ ಅಳತೆ ಇಷ್ಟು, ಆದ್ದರಿಂದ ಆಕಾರ ಇಂಥದ್ದು. ಕೊನೆಗೆ ಎರಡು ಬ್ಯಾಕ್ಟೀರಿಯಾ, ಒಂದು ಬೂಷ್ಟು, ಪುಡಿ ಹಾಕಿದ ಕಡೆ ಅವು ಸತ್ತು ಸುತ್ತ ಎಷ್ಟು ಮಿಲಿಮೀಟರ್ ಜಾಗ ಖಾಲಿಯಾಯಿತು ಅನ್ನುವ ಟೇಬಲ್. ಲಿಗ್ಯಾಂಡ್‌ಗಿಂತ ಕಾಂಪ್ಲೆಕ್ಸ್ ಜಾಸ್ತಿ ಕೊಂದರೆ, ಲೋಹ ಸೇರಿದ್ದರಿಂದ ಅಣು ಜೀವಕೋಶದ ಗೋಡೆಯನ್ನು ಸುಲಭವಾಗಿ ದಾಟುತ್ತೆ ಅನ್ನುವ ಒಂದು ಸಿದ್ಧ ವಾಕ್ಯ. ಇಷ್ಟಾದರೆ ಥೀಸಿಸ್. ನಾನು ಇದನ್ನು ಕೀಳು ಅನ್ನಲ್ಲ. ದೊಡ್ಡ ಮಿಷನ್ ಇಲ್ಲದ ಕಾಲೇಜುಗಳಲ್ಲಿ ಎಷ್ಟೋ ಜನ ರಸಾಯನಶಾಸ್ತ್ರ ಕಲಿತದ್ದೇ ಹೀಗೆ. ಆದರೆ ಈ ಅಚ್ಚಿನಲ್ಲಿ ಒಂದು ಅಪಾಯ ಇದೆ. ಖಾಲಿ ಜಾಗ ಮೊದಲೇ ಸಿದ್ಧವಾಗಿರುತ್ತೆ, ಅಂಕಿ ಬಂದ ತಕ್ಷಣ ಅದರೊಳಗೆ ತುರುಕುತ್ತೇವೆ.

2.1ರ ವಿಷಯಕ್ಕೆ ಬರುತ್ತೇನೆ.

ಕಾಂತೀಯ ಅಳತೆ ಮಾಡುತ್ತಿದ್ದದ್ದು ಗೂಯ್ ತಕ್ಕಡಿಯಲ್ಲಿ. ನೋಡಲು ಸಾಧಾರಣ ತಕ್ಕಡಿಯೇ. ಪುಡಿಯನ್ನು ನುಣ್ಣಗೆ ಅರೆದು ಸಪೂರ ಗಾಜಿನ ಕೊಳವೆಗೆ ತುಂಬಬೇಕು. ಸ್ವಲ್ಪ ಹಾಕು, ಮೇಜಿಗೆ ಕುಟ್ಟು, ಇನ್ನೂ ಸ್ವಲ್ಪ ಹಾಕು, ಕುಟ್ಟು. ನೂರು ಸಲವಾದರೂ ಕುಟ್ಟಬೇಕು, ಎಲ್ಲೂ ಪೊಳ್ಳು ಉಳಿಯಬಾರದು. ಅಂಗೈ ಕೆಂಪಾಗುತ್ತಿತ್ತು. ಆಮೇಲೆ ಕೊಳವೆಯನ್ನು ತಕ್ಕಡಿಯಿಂದ ಇಳಿಬಿಟ್ಟು, ಅದರ ತುದಿ ಆಯಸ್ಕಾಂತದ ಎರಡು ಧ್ರುವಗಳ ನಡುವೆ ಬರುವಂತೆ ತೂಗು ಹಾಕುವುದು. ಕರೆಂಟ್ ಇಲ್ಲದಾಗ ಒಂದು ತೂಕ, ಇದ್ದಾಗ ಒಂದು ತೂಕ. ಜೋಡಿ ಸಿಗದ ಎಲೆಕ್ಟ್ರಾನ್ ಇರುವ ವಸ್ತುವನ್ನು ಆಯಸ್ಕಾಂತ ಕೆಳಗೆ ಎಳೆಯುತ್ತೆ, ತೂಕ ಕೆಲವು ಮಿಲಿಗ್ರಾಂ ಜಾಸ್ತಿ ತೋರಿಸುತ್ತೆ. ಪಾದರಸ, ಕೋಬಾಲ್ಟ್, ಥಯೋಸೈನೇಟ್ ಸೇರಿದ ಒಂದು ಕಡು ನೀಲಿ ಪುಡಿಯಿಂದ ತಕ್ಕಡಿಯನ್ನು ಮೊದಲು ಸರಿ ಮಾಡಿಕೊಳ್ಳಬೇಕು. ಅದೂ ಒಂದು ಕಾಂಪ್ಲೆಕ್ಸೇ.

ನಿಕ್ಕಲ್ ಆರು ಕೈಯಲ್ಲಿದ್ದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಎರಡು, ಅಳತೆ 2.9ರಿಂದ 3.3 ಬೋರ್ ಮ್ಯಾಗ್ನೆಟಾನ್ (ಈ ಅಳತೆಯ ಮಾನ ಅದು). ಚಪ್ಪಟೆ ಚೌಕವಾದರೆ ಎಲ್ಲವೂ ಜೋಡಿ, ಅಳತೆ ಸೊನ್ನೆ. ಎಂಎಸ್ಸಿ ಲ್ಯಾಬಿನಲ್ಲಿ ನಿಕ್ಕಲ್ ತೂಗುವಾಗ ಡೈಮೀಥೈಲ್ ಗ್ಲಯಾಕ್ಸೈಮ್ ಹಾಕಿದರೆ ಬೀಳುತ್ತದಲ್ಲ, ಆ ಗುಲಾಬಿ ಕೆಂಪು ಒತ್ತರ, ಅದು ಚಪ್ಪಟೆ. ಆಯಸ್ಕಾಂತ ಅದನ್ನು ಕ್ಯಾರೇ ಅನ್ನಲ್ಲ.

2004ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಮಾಡಿದ ಪುಡಿ ಒಳ್ಳೆ ಹಸಿರು. ಅಳತೆ 3.1. ಅದರಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಪರೀಕ್ಷೆಗೆ ಹೋಯಿತು. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಮಾಡಿದೆ. ಅದೇ ವಿಧಾನ, ಅದೇ ಪಾತ್ರೆ. ಬಣ್ಣ ಈ ಸಲ ಒಂಥರಾ ಪಾಚಿ ಕಟ್ಟಿದ ಕಂದು. ಅಳತೆ 2.1. ಕೊಳವೆ ಸರಿಯಾಗಿ ತುಂಬಿಲ್ಲ ಅಂದುಕೊಂಡು ಮತ್ತೆ ತುಂಬಿದೆ, 2.0. ಇನ್ನೊಂದು ಸಲ, 2.2.

ಸಿ ಎಚ್ ಎನ್ ಪರೀಕ್ಷೆಗೆ ಕಳಿಸಿದ್ದು ಈ ಎರಡನೇ ಪುಡಿಯನ್ನೇ. ಪ್ರತಿ ಸ್ಯಾಂಪಲ್ಲಿಗೆ ದುಡ್ಡು ಕೊಡಬೇಕು, ಮೊದಲಿನದ್ದು ಹೇಗೂ ಮುಗಿದಿತ್ತು. ಇಂಗಾಲ 58.1 ಪರ್ಸೆಂಟ್ ಬಂತು. ಕೂತು ಲೆಕ್ಕ ಹಾಕಿದೆ. ನೀರೇ ಇಲ್ಲದಿದ್ದರೆ 60.0 ಇರಬೇಕು. ಎರಡು ನೀರಿದ್ದರೆ 56.2. ಒಂದು ನೀರಿದ್ದರೆ 58.0. ಕೈಗೆ ಸಿಕ್ಕಿತು! ಟಿಜಿಎ ಅಂದರೆ ಪುಡಿಯನ್ನು ಕಾಯಿಸುತ್ತಾ ತೂಕ ಎಷ್ಟು ಇಳಿಯುತ್ತೆ ಅಂತ ನೋಡುವುದು. ಅಲ್ಲಿ 3.3 ಪರ್ಸೆಂಟ್ ಇಳಿಯಿತು. ಒಂದು ನೀರಿಗೆ ಲೆಕ್ಕದ ಪ್ರಕಾರ 3.35. ಐಆರ್‌ನಲ್ಲಿ ನೀರಿನ ಅಗಲವಾದ ಗೆರೆ ಇದ್ದೇ ಇತ್ತು. ಮೂರು ಸಾಕ್ಷಿ ಒಂದೇ ಮಾತು ಹೇಳಿದವು: ಒಂದು ನಿಕ್ಕಲ್, ಎರಡು ಇಕ್ಕಳ, ಒಂದು ನೀರು. ಐದು ಕೈಯ ನಿಕ್ಕಲ್. ಐದು ಕೈಯದು ಅಪರೂಪ, ಅದಕ್ಕೇ ಖುಷಿ ಜಾಸ್ತಿ. ಸೆಪ್ಟೆಂಬರ್‌ನ 3.1 ಒದ್ದೆ ಪುಡಿಯ ತಪ್ಪು ಅಳತೆ ಅಂತ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆದೆ.

ಅಡ್ಡಗೆರೆ ಎಳೆದದ್ದು ಸರಿಯಾಗಿದ್ದ ಅಂಕಿಯ ಮೇಲೆ ಅಂತ ಆಗ ಗೊತ್ತಿರಲಿಲ್ಲ.

ಉಳಿದದ್ದು 2.1. ಐದು ಕೈಯ ನಿಕ್ಕಲ್‌ಗೂ ಅದು ಹೊಂದಲ್ಲ. ಅಲ್ಲೂ ಒಂದೋ 3ರ ಮೇಲೆ, ಇಲ್ಲವೇ ಸೊನ್ನೆ. ಹಳೆ ಪೇಪರ್‌ಗಳನ್ನು ತಡಕಿದೆ. ಅಮೆರಿಕದ ಹೋಮ್, ಇಟಲಿಯ ಸಕೋನಿ ಇದೇ ಜಾತಿಯ ನಿಕ್ಕಲ್ ಕಾಂಪ್ಲೆಕ್ಸ್‌ಗಳಲ್ಲಿ ನಡುವಿನ ಅಂಕಿಗಳನ್ನು ಕಂಡಿದ್ದರು. ದ್ರಾವಣದಲ್ಲಿ ಅಣುಗಳು ಚಪ್ಪಟೆಯಿಂದ ಟೆಟ್ರಾಹೆಡ್ರಲ್‌ಗೆ (ನಾಲ್ಕೇ ಕೈ, ಆದರೆ ಚಪ್ಪಟೆಯಲ್ಲದೆ ನಾಲ್ಕು ದಿಕ್ಕಿಗೆ ಚಾಚಿದ್ದು), ಅಲ್ಲಿಂದ ಚಪ್ಪಟೆಗೆ ಹೋಗಿ ಬರುತ್ತಿರುತ್ತವೆ, ಅದಕ್ಕೆ ನಡುವಿನ ಅಂಕಿ. ಅಲ್ಲೇ ನನಗೆ ಹೊಳೆಯಬೇಕಿತ್ತು, ಎರಡು ಜಾತಿ ಕಲೆತರೆ ನಡುವಿನ ಅಂಕಿ ಬರುತ್ತೆ ಅಂತ. ಆದರೆ ಅವರದ್ದು ದ್ರಾವಣ, ನನ್ನದು ಪುಡಿ. ಪುಟ ತಿರುವಿಬಿಟ್ಟೆ.

ಗೈಡ್ ಸರ್ ಹತ್ತಿರ ಸಲಹೆ ಸಿದ್ಧವಾಗಿತ್ತು. ಒಂದು ನೀರು ಎರಡು ನಿಕ್ಕಲ್ ನಡುವೆ ಸೇತುವೆ ಆಗಿರಬಹುದು, ಎರಡು ನಿಕ್ಕಲ್ ಒಂದರ ಕಾಂತವನ್ನು ಇನ್ನೊಂದು ಕಡಿಮೆ ಮಾಡುತ್ತಿರಬಹುದು, ಆಂಟಿಫೆರೋಮ್ಯಾಗ್ನೆಟಿಕ್ ಅಂತ ಬರಿ. ಅಂಥವು ನಿಜವಾಗಿಯೂ ಇವೆ, ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನು ತೋರಿಸಬೇಕಾದರೆ ಬೇರೆ ಬೇರೆ ಉಷ್ಣತೆಯಲ್ಲಿ ಅಳೆಯಬೇಕು. ನಮ್ಮ ತಕ್ಕಡಿ ಕೋಣೆಯ ಉಷ್ಣತೆಯಲ್ಲಿ ಮಾತ್ರ ಅಳೆಯುತ್ತಿತ್ತು. ಆ ವಾಕ್ಯ ಬರೆದು ಪೇಪರ್ ಕಳಿಸಿದೆವು. 2006ರ ಜನವರಿಯಲ್ಲಿ ವಾಪಸ್ ಬಂತು. ವಿಮರ್ಶಕರ ಪ್ರಶ್ನೆ ಎರಡೇ ಸಾಲು. ಉಷ್ಣತೆಗೆ ತಕ್ಕ ಅಳತೆ ಎಲ್ಲಿ? ಪುಡಿ ಒಂದೇ ವಸ್ತು ಅನ್ನುವುದಕ್ಕೆ ಆಧಾರ ಏನು?

ಎರಡನೇ ಪ್ರಶ್ನೆ ಓದಿ ಸಿಟ್ಟು ಬಂತು. ಸಿ ಎಚ್ ಎನ್ ಕೊಟ್ಟಿದ್ದೀವಲ್ಲ, ಇನ್ನೇನು ಬೇಕು ಇವರಿಗೆ! ಸರ್ ನಕ್ಕು, "ಇದನ್ನ ಬಿಡಮ್ಮ, ಥೀಸಿಸ್ಸಲ್ಲಿ ಹಾಕು. ಅಲ್ಲಿ ಯಾರೂ ಇಷ್ಟು ಕೇಳಲ್ಲ" ಅಂದರು. ಅವಧಿ ಮುಗಿಯಲು ಒಂದೂವರೆ ವರ್ಷ ಇತ್ತು. ಮನೆಯಲ್ಲಿ ಮಗಳು ಒಂದನೇ ಕ್ಲಾಸು. ಹಾಕಿದೆ. ನಾಲ್ಕನೇ ಅಧ್ಯಾಯ, ಅಚ್ಚುಕಟ್ಟಾಗಿ ಟೈಪ್ ಆಯಿತು.

ಆ ವರ್ಷ ಅಕ್ಟೋಬರ್. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ವೈವಾದಲ್ಲಿ ತೋರಿಸಲು ಎಲ್ಲ ಹನ್ನೆರಡು ಕಾಂಪ್ಲೆಕ್ಸ್‌ಗಳನ್ನೂ ಸ್ವಲ್ಪ ಸ್ವಲ್ಪ ಹೊಸದಾಗಿ ಮಾಡುತ್ತಿದ್ದೆ. ನಮ್ಮ ಲ್ಯಾಬಿನ ಅಟೆಂಡರ್ ಹಳಬರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದದ್ದು. ಬೀಕರ್ ತೊಳೆಯುತ್ತಾ, ಒಣಗಲು ಇಟ್ಟಿದ್ದ ನಿಕ್ಕಲ್ ಪುಡಿಯನ್ನು ನೋಡಿ ಅಂದರು:

"ಇದು ಮಳೆಗಾಲದ್ದು ಮೇಡಂ. ಇದು ಹಸ್ರಾಗೇ ಇರ್ತದೆ."

"ಹಂಗಂದ್ರೆ?"

"ನೀವು ಬೇಸಿಗೇಲಿ ಮಾಡಿದ್ರೆ ಕಂದು ಆಗ್ತದಲ್ಲ. ಮಳೆಗಾಲಕ್ಕೆ ಆಗಲ್ಲ. ಈ ಡಬ್ಬೀಲಿ ಏನೂ ಒಣಗಲ್ಲ ಈಗ. ನೋಡಿ, ಹರಳೆಲ್ಲ ಗುಲಾಬಿ ಆಗವೆ. ಹುರೀಬೇಕು, ಓವನ್ ಖಾಲಿ ಇಲ್ಲ."

ಡಬ್ಬಿ ಅಂದದ್ದು ಡೆಸಿಕೇಟರ್‌ಗೆ. ದಪ್ಪ ಗಾಜಿನ ಪಾತ್ರೆ, ಮೇಲೆ ಗ್ರೀಸ್ ಹಚ್ಚಿದ ಮುಚ್ಚಳ, ಕೆಳಗೆ ಸಿಲಿಕಾ ಜೆಲ್ ಹರಳು. ಆ ಹರಳಿಗೆ ಚೂರು ಕೋಬಾಲ್ಟ್ ಕ್ಲೋರೈಡ್ ಬೆರೆಸಿರುತ್ತಾರೆ. ಒಣಗಿದ್ದಾಗ ನೀಲಿ, ನೀರು ಕುಡಿದರೆ ಗುಲಾಬಿ. ಕೋಬಾಲ್ಟ್ ಸುತ್ತ ಕ್ಲೋರೈಡ್ ಜಾಸ್ತಿ ಇದ್ದರೆ ಒಂದು ಬಣ್ಣ, ನೀರು ಬಂದು ಸುತ್ತುವರಿದರೆ ಇನ್ನೊಂದು. ಗುಲಾಬಿ ಆದ ಹರಳನ್ನು ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ ಕಾಯಿಸಿದರೆ ಮತ್ತೆ ನೀಲಿ. ಅಣ್ಣ ಇದಕ್ಕೆ ಕಡಲೆ ಹುರಿದ ಹಾಗೆ ಹುರಿಯೋದು ಅನ್ನುತ್ತಿದ್ದರು. ಬೇಸಿಗೆಯಲ್ಲಿ ಅವರು ಹುರಿದಿಡುತ್ತಿದ್ದರು, ತಿಂಗಳಾದರೂ ನೀಲಿಯಾಗಿ ಇರುತ್ತಿತ್ತು. ಮಳೆಗಾಲದಲ್ಲಿ ಮೂರು ದಿನಕ್ಕೇ ಗುಲಾಬಿ, ಮೇಲೆ ಕರೆಂಟ್ ಬೇರೆ ಇರಲ್ಲ, ಯಾರು ದಿನಾ ಹುರಿಯುತ್ತಾರೆ?

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಲೋಹದ ಕಾಂಪ್ಲೆಕ್ಸ್‌ನಲ್ಲಿ ನೀರು ಒಳಗೆ ಬರುವುದು, ಹೊರಗೆ ಹೋಗುವುದು, ಅದಕ್ಕೆ ತಕ್ಕಂತೆ ಬಣ್ಣ ಬದಲಾಗುವುದು, ಇದನ್ನೇ ಓದುತ್ತಿದ್ದವಳು ನಾನು. ನನ್ನ ಪುಡಿಯ ಕೆಳಗೆ, ಜಾಲರಿಯ ಆ ಕಡೆ, ನಾಲ್ಕು ಬೆರಳು ದೂರದಲ್ಲಿ ಇನ್ನೊಂದು ಕಾಂಪ್ಲೆಕ್ಸ್ ಅದನ್ನೇ ಮಾಡಿ ತೋರಿಸುತ್ತಿತ್ತು.

ನೋಟ್‌ಬುಕ್ ತೆಗೆದು ಅಡ್ಡಗೆರೆ ಹಾಕಿದ್ದ ಅಂಕಿಯನ್ನು ಮತ್ತೆ ನೋಡಿದೆ. 3.1. ಒಂದು ಚೀಟಿಯ ಮೇಲೆ ಲೆಕ್ಕ ಬರೆದೆ. ಈ ಅಳತೆಗಳ ಸರಾಸರಿ ನೇರವಾಗಿ ತೆಗೆಯೋಕೆ ಬರಲ್ಲ, ವರ್ಗ ಮಾಡಿ ತೆಗೆಯಬೇಕು. 3.1ರ ವರ್ಗ 9.61. 2.1ರ ವರ್ಗ 4.41. ಭಾಗಿಸಿದರೆ 0.46. ಅಂದರೆ ಪುಡಿಯಲ್ಲಿ ಸುಮಾರು ಅರ್ಧ ಮಾತ್ರ ಎರಡು ನೀರಿನ ಹಸಿರು ವಸ್ತು, ಇನ್ನರ್ಧ ನೀರು ಕಳೆದುಕೊಂಡ ಚಪ್ಪಟೆ ವಸ್ತು. ಅರ್ಧದಲ್ಲಿ ಎರಡು ನೀರು, ಅರ್ಧದಲ್ಲಿ ಸೊನ್ನೆ. ಸರಾಸರಿ ಒಂದು! ಸಿ ಎಚ್ ಎನ್ ಹೇಳಿದ ಒಂದು ನೀರು, ಟಿಜಿಎ ಹೇಳಿದ ಒಂದು ನೀರು, ಎರಡೂ ಇದೇ. ಮೂರು ಸಾಕ್ಷಿಗಳು ಸುಳ್ಳು ಹೇಳಿರಲಿಲ್ಲ. ಆದರೆ ಅವರಲ್ಲಿ ಯಾರೂ ಒಂದು ಅಣುವನ್ನು ನೋಡಿರಲಿಲ್ಲ. ಇಡೀ ಪುಡಿಯ ಸರಾಸರಿ ಹೇಳಿದ್ದರು, ನಾನು ಅದನ್ನು ಒಂದು ಅಣುವಿನ ಚಿತ್ರವಾಗಿ ಬರೆದಿದ್ದೆ. ಐದು ಕೈಯ ನಿಕ್ಕಲ್ ಅನ್ನುವುದು ಆ ಪುಡಿಯಲ್ಲಿ ಎಲ್ಲೂ ಇರಲಿಲ್ಲ.

ಲೆಕ್ಕ ಹೊಂದಿತು ಅಂತ ಮತ್ತೆ ನಂಬಲು ಧೈರ್ಯ ಇರಲಿಲ್ಲ. ಹಿಂದೆಯೂ ಹೊಂದಿತ್ತಲ್ಲ. ಅದೂ ಅಲ್ಲದೆ ಒಂದೇ ಹರಳಿನಲ್ಲಿ ಅರ್ಧ ನಿಕ್ಕಲ್ ಚಪ್ಪಟೆ, ಅರ್ಧ ಆಕ್ಟಾಹೆಡ್ರಲ್ ಆಗಿರುವ ವಸ್ತುಗಳೂ ಇವೆ. ಹಾಗಾಗಿ ಎರಡನ್ನು ಕಣ್ಣಾರೆ ಬೇರೆ ಮಾಡಿ ನೋಡಬೇಕಿತ್ತು. ಕಾಲೇಜಿನ ರೇಷ್ಮೆ ವಿಭಾಗದಲ್ಲಿ ಚಿಟ್ಟೆಗಳಿಗೆ ಪೆಬ್ರಿನ್ ರೋಗ ಇದೆಯಾ ಅಂತ ನೋಡಲು ಮೈಕ್ರೋಸ್ಕೋಪ್ ಇತ್ತು. ಅರೆಯದ ಏಪ್ರಿಲ್ ಪುಡಿ ಸ್ವಲ್ಪ ಉಳಿದಿತ್ತು. ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಕಡಿಮೆ ಪವರ್‌ನಲ್ಲಿ ನೋಡಿದೆ. ಪಾಚಿ ಕಂದು ಅನ್ನುವ ಬಣ್ಣವೇ ಅಲ್ಲಿರಲಿಲ್ಲ. ಕೆಲವು ಹರಳು ಅಪ್ಪಟ ಹಸಿರು. ಕೆಲವು ಇಟ್ಟಿಗೆ ಕಂದು, ಮೇಲೆಲ್ಲ ಬಿರುಕು, ಬೇಸಿಗೆಯ ಕೆರೆ ಅಂಗಳದ ಹಾಗೆ. ಹಸಿರು ಹರಳಿನ ಅಂಚಿನಲ್ಲೇ ಕಂದು ಹತ್ತಿದವೂ ಇದ್ದವು. ರೇಷ್ಮೆ ವಿಭಾಗದ ಮೇಷ್ಟ್ರು ಇಣುಕಿ ನೋಡಿ, "ರೋಗ ಇದೆ ಬಿಡಿ ಇದಕ್ಕೆ" ಅಂದರು.

ಆಮೇಲಿನ ಎರಡು ತಿಂಗಳು ನನ್ನ ಸಂಶೋಧನೆಯಲ್ಲೇ ಒಳ್ಳೆ ದಿನಗಳು. ಹಸಿರು ಪುಡಿಯನ್ನು 500 ಮಿಲಿಗ್ರಾಂ ತೂಗಿ ಹುರಿದ ಸಿಲಿಕಾ ಜೆಲ್ ಮೇಲೆ ಇಟ್ಟೆ. ದಿನಾ ತೂಗಿದೆ. ಎರಡು ನೀರೂ ಹೋದರೆ 32 ಮಿಲಿಗ್ರಾಂ ಇಳಿಯಬೇಕು. ಹತ್ತನೇ ದಿನಕ್ಕೆ 16 ಇಳಿದಿತ್ತು, ಬಣ್ಣ ಏಪ್ರಿಲ್‌ನದೇ. ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಕಾಯಿಸಿದ್ದು ಪೂರ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ತೂಕ 32 ಇಳಿಯಿತು, ಕಾಂತೀಯ ಅಳತೆ ಸೊನ್ನೆ. ಅದರ ಮೇಲೆ ಒಂದು ಹನಿ ಪಿರಿಡಿನ್, ಲೋಹವನ್ನು ಒಂದೇ ಕೈಯಲ್ಲಿ ಹಿಡಿಯುವ ಒಂದು ದ್ರವ, ಬಿಟ್ಟರೆ ನೋಡನೋಡುತ್ತಿದ್ದಂತೆ ಹಸಿರು. ಖಾಲಿಯಾದ ಮೇಲು ಕೆಳಗಿನ ಜಾಗಕ್ಕೆ ಪಿರಿಡಿನ್ ಬಂದು ಕೂರುತ್ತೆ. ವಾಸನೆಗೆ ಇಡೀ ಮಹಡಿ ಬೈದುಕೊಂಡಿತು. ನೀರಿನ ಬಟ್ಟಲು ಇಟ್ಟು ಮುಚ್ಚಿದ ಜಾಡಿಯೊಳಗೆ ಕಂದು ಪುಡಿ ನಿಧಾನವಾಗಿ, ವಾರಗಟ್ಟಲೆ ತಗೊಂಡು, ಹಸಿರಿಗೆ ಮರಳಿತು.

ಇನ್ನೊಂದು ಯೋಚನೆ ನಿದ್ದೆ ಕೆಡಿಸಿತು. ಉಳಿದ ಹನ್ನೊಂದರ ಗತಿ ಏನು? ತಾಮ್ರಕ್ಕೆ ಜೋಡಿಯಿಲ್ಲದ ಎಲೆಕ್ಟ್ರಾನ್ ಯಾವಾಗಲೂ ಒಂದೇ. ಚಪ್ಪಟೆ ಇರಲಿ, ಆರು ಕೈ ಇರಲಿ, ಅಳತೆ 1.8ರ ಆಸುಪಾಸು. ಅರ್ಧಂಬರ್ಧ ಕಲೆತರೂ 1.8. ಸತುವಿಗೆ ಯಾವಾಗಲೂ ಸೊನ್ನೆ. ಅವೆರಡೂ ಬಾಯಿ ಬಿಡುವ ಜಾತಿಯಲ್ಲ. ನೀರು ಹೋದದ್ದನ್ನು ಕಾಂತದಲ್ಲಿ ಇಷ್ಟು ಸ್ಪಷ್ಟವಾಗಿ ಚಾಡಿ ಹೇಳಿದ್ದು ನಿಕ್ಕಲ್ ಮಾತ್ರ. ನಾನು ನಿಕ್ಕಲ್ ಬಿಟ್ಟು ಬರೀ ತಾಮ್ರದ ಮೇಲೆ ಕೆಲಸ ಮಾಡಿದ್ದರೆ ಈ ತಪ್ಪು ಥೀಸಿಸ್ಸಿನ ರಟ್ಟಿನೊಳಗೆ ಆರಾಮಾಗಿ ಕೂತಿರುತ್ತಿತ್ತು. ಎಲ್ಲವನ್ನೂ ಮತ್ತೆ ತೂಗಿದೆ. ಇನ್ನೊಂದು ನಿಕ್ಕಲ್ ಮತ್ತು ಒಂದು ಸತುವಿನ ಕಾಂಪ್ಲೆಕ್ಸ್ ಕೂಡ ಹೀಗೇ ಅರ್ಧಂಬರ್ಧ. ತಾಮ್ರದವು ಮೂರೂ ಸರಿಯಾಗಿದ್ದವು, ಅವುಗಳಲ್ಲಿ ನೀರೇ ಇರಲಿಲ್ಲ.

ಗೈಡ್ ಸರ್‌ಗೆ ಹೇಳಲು ಹೋದಾಗ ಗಾಜಿನ ಪಟ್ಟಿಯನ್ನೇ ತಗೊಂಡು ಹೋಗಿದ್ದೆ. ತುಂಬಾ ಹೊತ್ತು ನೋಡಿದರು. "ಅಧ್ಯಾಯ ಪೂರ್ತಿ ಹೋಯ್ತಲ್ಲಮ್ಮ" ಅಂದರು. ಆಮೇಲೆ ತಾವೇ ಅವಧಿ ವಿಸ್ತರಣೆಯ ಅರ್ಜಿ ಬರೆಸಿದರು. ಅವರ ಮೇಲೆ ನನಗೆ ದೂರಿಲ್ಲ. ಆ ವಾಕ್ಯ ಬರಿ ಅಂದವರು ಅವರೇ, ನಿಜ. ಬರೆದ ಕೈ ನನ್ನದು.

ವಿಸ್ತರಣೆಗೆ ಫೀಸು ಕಟ್ಟಿದೆ. ಥೀಸಿಸ್ ಕೊಟ್ಟಿದ್ದು 2008ರಲ್ಲಿ. ನಾಲ್ಕನೇ ಅಧ್ಯಾಯ ನೀರು ಹೋಗುವುದು ಬರುವುದರ ಮೇಲೆ ಹೊಸದಾಗಿ ಬರೆದದ್ದು. ಅದರಿಂದ ಒಂದೇ ಒಂದು ಸಣ್ಣ ಪೇಪರ್ ಬಂತು. ಅದೇ ಹೊತ್ತಿಗೆ ನೋಂದಾಯಿಸಿದ ಗೆಳತಿ ಆರು ಪೇಪರ್ ಮಾಡಿಕೊಂಡಿದ್ದಳು. 2010ರಲ್ಲಿ ಯುಜಿಸಿ ಬಡ್ತಿಗೆ ಪೇಪರ್‌ಗಳನ್ನೂ ಎಣಿಸುವ ಎಪಿಐ ಅಂಕಗಳನ್ನು ತಂದಾಗ ಆ ಲೆಕ್ಕ ನನ್ನನ್ನು ಚೆನ್ನಾಗಿಯೇ ಕುಟುಕಿತು. ನನ್ನ ಬಡ್ತಿ ತಡವಾಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಆಮೇಲೆ ಹೊಸ ಕಾಂಪ್ಲೆಕ್ಸ್ ಮಾಡುವುದನ್ನು ಕಮ್ಮಿ ಮಾಡಿದೆ. ನೀರಿನ ಕಡೆ ತಿರುಗಿದೆ, ಈ ಸಲ ಬೋರ್‌ವೆಲ್ ನೀರು. ಅಲ್ಲೂ ಕೆಲಸ ಮಾಡುವುದು ಕಾಂಪ್ಲೆಕ್ಸ್‌ಗಳೇ. ಗಡಸುತನ ನೋಡುವಾಗ ಬಣ್ಣದ ಸೂಚಕ ಮೊದಲು ಮೆಗ್ನೀಷಿಯಂ ಹಿಡಿದು ದ್ರಾಕ್ಷಿ ಕೆಂಪಾಗುತ್ತೆ. ಇಡಿಟಿಎ ಅನ್ನುವ ಇನ್ನೂ ಬಿಗಿ ಹಿಡಿತದ ಲಿಗ್ಯಾಂಡ್ ಬಂದು ಲೋಹವನ್ನು ಕಿತ್ತುಕೊಂಡರೆ ನೀಲಿ. ಫ್ಲೋರೈಡ್ ನೋಡುವಾಗ ಜಿರ್ಕೋನಿಯಂ ಜೊತೆಗಿರುವ ಕೆಂಪು ಬಣ್ಣವನ್ನು ಬಿಡಿಸಿ ಫ್ಲೋರೈಡ್ ತಾನು ಜಿರ್ಕೋನಿಯಂ ಹಿಡಿಯುತ್ತೆ, ಎಷ್ಟು ಬಣ್ಣ ಮಾಸಿತೋ ಅಷ್ಟು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ನೀರನ್ನು ಬಾಟಲಿಯಲ್ಲಿ ತರುತ್ತಾರೆ. ಹಲ್ಲಿನ ಮೇಲಿನ ಕಂದು ಗೆರೆ ಅವರಲ್ಲಿ ಕೆಲವರಿಗೆ ಇದ್ದೇ ಇರುತ್ತೆ, ನಗುವಾಗ ತುಟಿ ಮುಚ್ಚಿಕೊಳ್ಳುತ್ತಾರೆ. ಒಬ್ಬ ಹುಡುಗ ಊರಿನ ಎರಡು ಬೋರ್‌ವೆಲ್‌ನ ನೀರನ್ನು ಒಂದೇ ಕ್ಯಾನಿಗೆ ಸುರಿದು ತಂದಿದ್ದ. 1.4 ಬಂತು, ಮಿತಿಯ ಒಳಗೇ ಇದೆ ಅಂತ ಖುಷಿಯಾಗಿ ರೆಕಾರ್ಡ್ ತಂದ. ವಾಪಸ್ ಕಳಿಸಿದೆ. ಬೇರೆ ಬೇರೆ ತಂದಾಗ ಒಂದು 0.6, ಇನ್ನೊಂದು 2.2. ಎರಡನೆಯದು ಶಾಲೆ ಪಕ್ಕದ್ದು.

ಅಣ್ಣ ರಿಟೈರ್ ಆಗಿ ಬಹಳ ವರ್ಷ ಆಯಿತು. ಥೀಸಿಸ್ಸಿನ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಗೈಡ್ ಸರ್ ಹೆಸರಿನ ಕೆಳಗೇ ಇದೆ. ಕೋಬಾಲ್ಟ್ ಕ್ಲೋರೈಡ್‌ನಿಂದ ಕ್ಯಾನ್ಸರ್ ಅಪಾಯ ಅಂತ ಈಗ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬರುತ್ತಿದೆ, ನೀರು ಕುಡಿದರೆ ಹಸಿರಾಗುತ್ತೆ. ಹುರಿಯುವುದು ಮಾತ್ರ ತಪ್ಪಿಲ್ಲ. ಏಪ್ರಿಲ್‌ನ ಆ ಪುಡಿ ಒಂದು ಸಣ್ಣ ಬಾಟಲಿಯಲ್ಲಿ ನನ್ನ ಡ್ರಾಯರಿನಲ್ಲಿದೆ. ಮುಚ್ಚಳ ಸ್ವಲ್ಪ ಸಡಿಲ. ಮೇಲಿನ ಅರ್ಧ ಬೆರಳು ಹಸಿರಾಗಿದೆ, ತಳದಲ್ಲಿ ಇನ್ನೂ ಕಂದು. ಲೇಬಲ್ಲಿನ ಮೇಲೆ ಬರೆದ ಒಂದು ನೀರಿನ ಫಾರ್ಮುಲಾ ಹೊಡೆದು ಹಾಕಿ, ಪಕ್ಕದಲ್ಲಿ ತಿಂಗಳು ಮಾತ್ರ ಬರೆದಿಟ್ಟಿದ್ದೇನೆ.